ಭೀಮೇಶ್ವರಿ ಪ್ರವಾಸಕ್ಕೊಂದು ಮುಂಗಡಪತ್ರ

ನಮ್ಮ ಭಾಗದ ವರ್ತಕರು ಪ್ರವಾಸ ಮಾಡುವುದಿಲ್ಲವೆಂದು ಹೇಳಲಾಗದು. ಹತ್ತಿಯ ಬಾಕಿ ವಸೂಲಿಗೆ ಗುಂಟೂರಿಗೆ, ಯಂತ್ರದ ಬಿಡಿಭಾಗಕ್ಕೆ ಕೊಯಮತ್ತೂರಿಗೆ, ಹರಕೆ ತೀರಿಸಲು ತಿರುಪತಿಗೆ, ಮದುವೆಗಾಗಿ ಸೊಲ್ಲಾಪುರಕ್ಕೆ ಹೋಗಿಬರುತ್ತಲೇ ಇರುತ್ತಾರೆ. ಆದರೆ ಯಾವ ಕೆಲಸವೂ ಇಲ್ಲದೆ, ಫೋನು ಸಹ ತಲುಪದ ಕಾಡಿನ ನದಿಯ ದಂಡೆಯಲ್ಲಿ ಎರಡು ರಾತ್ರಿ ಕಳೆಯಲು ಹೋದವರು ಯಾದಗಿರಿ, ಶಹಾಪುರ, ಸುರಪುರ ಮೂರೂ ಪೇಟೆಗಳಲ್ಲಿ ಬೆರಳೆಣಿಕೆಯಷ್ಟು ಮಂದಿ. ಇತ್ತೀಚೆಗೆ ಕಾವೇರಿ ದಂಡೆಯ ‘ಮೀನು ಶಿಬಿರ’ದ ಬಗ್ಗೆ ಕೆಲವು ಸದಸ್ಯರು ವಿಚಾರಿಸಿದ್ದಾರೆ. ಅಲ್ಲಿಗೆ ನಾನು ಎರಡು ಸಲ ಹೋಗಿ ಬಂದಿದ್ದೇನೆ. ಒಂದು ಸಲ ಹಣ ಕಳೆದುಕೊಂಡು, ಇನ್ನೊಂದು ಸಲ ಸರಿಯಾಗಿ. ಎರಡರ ಲೆಕ್ಕವನ್ನೂ ಓದುಗರ ಮುಂದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ಮೊದಲನೆಯದು 2014ರ ಸಂಗತಿ. ಐವರು ಸ್ನೇಹಿತರು ಕೂಡಿ, ಬಣ್ಣದ ಚಿತ್ರಗಳಿದ್ದ ಹಳೆಯ ಕರಪತ್ರವೊಂದನ್ನು ನಂಬಿ, ಏಜೆಂಟರೊಬ್ಬರಿಗೆ ‘ಮೀನು ಹಿಡಿಯುವ ಪ್ಯಾಕೇಜ್’ ಎಂದು ನಲವತ್ತು ಸಾವಿರ ರೂಪಾಯಿ ಮುಂಗಡ ಕೊಟ್ಟೆವು. ಹೋಗಿ ನೋಡಿದರೆ ಗಾಳವೂ ಇಲ್ಲ, ದಾರವೂ ಇಲ್ಲ. ಅಲ್ಲಿ ಮೀನು ಹಿಡಿಯುವುದು ನಿಂತು ಕೆಲವು ವರ್ಷಗಳೇ ಕಳೆದಿದ್ದವು. ಹಣ ಮರಳಿ ಕೇಳಲು ನಮ್ಮ ಬಳಿ ರಸೀದಿ ಇರಲಿಲ್ಲ. ಇಪ್ಪತ್ತು ವರ್ಷ ಇತರರ ವೋಚರುಗಳಿಗೆ ಟಿಕ್ ಹಾಕುತ್ತ ಬಂದ ಲೆಕ್ಕಪರಿಶೋಧಕನೇ ಬಿಳಿ ಕಾಗದದ ಚೀಟಿಯ ಮೇಲೆ ಹಣ ಕೊಟ್ಟಿದ್ದನು. ಸ್ನೇಹಿತರು ಇದನ್ನು ಇಂದಿಗೂ ಮರೆತಿಲ್ಲ.

ಶಿಬಿರದ ಹಿನ್ನೆಲೆ

ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ 1980ರಲ್ಲಿ ಸ್ಥಾಪನೆಯಾಯಿತು. ಕಬಿನಿಯ ನಂತರ ಅದು ಕಾವೇರಿ ದಂಡೆಯ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ನಡೆಸಿತು. ಇಲ್ಲಿಗೆ ವಿದೇಶಗಳಿಂದಲೂ ಜನ ಬರುತ್ತಿದ್ದುದು ಮಹಶೀರ್ ಮೀನಿಗಾಗಿ. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಅವರು ಕಬಿನಿ ನದಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ನಮ್ಮ ಅಡತಿ ಅಂಗಡಿಯ ತೊಗರಿ ಚೀಲಕ್ಕಿಂತ ತುಸು ಹೆಚ್ಚೇ ಎನ್ನಬಹುದು.

ಶಿಬಿರದ ನಿಯಮ ವಿಚಿತ್ರವಾಗಿತ್ತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಜೀವಂತವಾಗಿ ನೀರಿಗೆ ಬಿಡಬೇಕು. ಮೀನು ತಿನ್ನದ ನಮ್ಮ ಅನೇಕ ಸದಸ್ಯರಿಗೆ ಇದು ಹಿತವೆನಿಸಬಹುದು. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರಲ್ಲಿ ಕೆಲವರು ಈ ಶಿಬಿರಗಳಲ್ಲಿ ಮಾರ್ಗದರ್ಶಿಗಳಾಗಿ, ಕಾವಲುಗಾರರಾಗಿ ಸಂಬಳಕ್ಕೆ ಸೇರಿದರು. ಸಿಡಿಮದ್ದು ಹಾಕಿ ಮೀನು ಕೊಲ್ಲುವ ಹಾವಳಿಯನ್ನು ತಡೆಯುವುದು ಅವರ ಕೆಲಸವಾಗಿತ್ತು.

ಲೆಕ್ಕದವನಾದ ನನ್ನನ್ನು ಹೆಚ್ಚು ಸೆಳೆದದ್ದು ಗಾಳಿಬೋರೆಯ ದಾಖಲೆ ಪುಸ್ತಕ. 1998ರಿಂದ 2012ರವರೆಗೆ ಅಲ್ಲಿ ಗಾಳ ಹಾಕಿದ ಗಂಟೆಗಳನ್ನೂ ಸಿಕ್ಕ ಮೀನುಗಳನ್ನೂ ಬರೆದಿಡಲಾಗಿತ್ತು. ಇದನ್ನು ಪರಿಶೀಲಿಸಿದ ವಿಜ್ಞಾನಿಗಳ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. 23,620 ಗಂಟೆಗಳಲ್ಲಿ 6,161 ಮಹಶೀರ್‌ಗಳು, ಅಂದರೆ ಸುಮಾರು ನಾಲ್ಕು ಗಂಟೆಗೆ ಒಂದು. ವರ್ಷದಿಂದ ವರ್ಷಕ್ಕೆ ಸಿಗುವ ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಜಾತಿವಾರು ವಿಂಗಡಿಸಿದಾಗ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಎಂದೂ, ಕಾವೇರಿಯ ಸ್ವಂತ ಡುಬ್ಬದ ಮಹಶೀರ್ ಕರಗಿಹೋಗುತ್ತಿತ್ತೆಂದೂ ತಿಳಿದುಬಂತು. ವಹಿವಾಟು ಹೆಚ್ಚುತ್ತ ಮೂಲ ಬಂಡವಾಳ ಸವೆಯುವ ಅಂಗಡಿಗಳನ್ನು ನಾವೂ ಕಂಡಿದ್ದೇವೆ. ಒಟ್ಟು ಮೊತ್ತವನ್ನಷ್ಟೇ ನೋಡಿದವನಿಗೆ ಅದು ಕಾಣುವುದಿಲ್ಲ. ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಇಲ್ಲಿ ನಮ್ಮೂರಿಗೆ ಸಂಬಂಧಿಸಿದ ಸಂಗತಿಯೊಂದಿದೆ. ಆ ನೀಲಿ ರೆಕ್ಕೆಯ ಮೀನನ್ನು 1839ರಲ್ಲಿ ಮೊದಲು ಶಾಸ್ತ್ರೀಯವಾಗಿ ವಿವರಿಸಿದ್ದು ಸೈಕ್ಸ್ ಎಂಬ ಸೇನಾಧಿಕಾರಿ, ಪುಣೆಯ ಬಳಿಯ ಮುಳಾ-ಮುಠಾ ನದಿಯ ಮೀನನ್ನು ನೋಡಿ. ಮುಳಾ-ಮುಠಾ ಸೇರುವುದು ಭೀಮೆಯನ್ನು, ಆ ಭೀಮೆ ಹರಿಯುವುದು ಯಾದಗಿರಿಯ ಸೇತುವೆಯ ಕೆಳಗೆ. ಲೋನಾವಳಾದ ಟಾಟಾ ಸಂಸ್ಥೆಯ ಮೀನುಮರಿ ಕೇಂದ್ರದಲ್ಲಿ ಬೆಳೆಸಿದ ಈ ಜಾತಿಯ ಮರಿಗಳು ಕಾವೇರಿಗೆ ಹೋದವು. ನಮ್ಮ ನದಿಯ ಸರಕು ಪರರ ಪೇಟೆಗೆ ಹೋಗಿ ಅಲ್ಲಿಯ ಹಳೆಯ ಮನೆತನವನ್ನೇ ಮೂಲೆಗೆ ತಳ್ಳಿತೆಂದು ಹೇಳಿದರೆ ತಪ್ಪಾಗದು.

ಶಿಬಿರಗಳಿರುವ ಪ್ರದೇಶವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ವನ್ಯಜೀವಿ ಸಂರಕ್ಷಣಾ ಕಾನೂನಿನ ದೃಷ್ಟಿಯಲ್ಲಿ ಹಿಡಿದು ಬಿಡುವುದೂ ಹಿಡಿಯುವುದೇ ಆದ್ದರಿಂದ 2012ರ ಹೊತ್ತಿಗೆ ಅಲ್ಲಿ ಗಾಳ ನಿಂತಿತು. ಈಗ ಅವು ಪ್ರಕೃತಿ ಶಿಬಿರಗಳು. ಹರಿಗೋಲು, ಕಾಡುದಾರಿಯ ನಡಿಗೆ, ಹಕ್ಕಿ ವೀಕ್ಷಣೆ ಉಂಟು, ಗಾಳ ಇಲ್ಲ. ‘ಮೀನು ಹಿಡಿಸುತ್ತೇವೆ’ ಎಂದು ಯಾರಾದರೂ ಮುಂಗಡ ಕೇಳಿದರೆ, ಆ ನಿರ್ದಿಷ್ಟ ನೀರಿನಲ್ಲಿ ಮೀನು ಹಿಡಿಯಲು ಸಂಬಂಧಪಟ್ಟ ಇಲಾಖೆಯ ಲಿಖಿತ ಅನುಮತಿ ತೋರಿಸಿರೆಂದು ಕೇಳಬೇಕು. ತೋರಿಸದಿದ್ದರೆ ಮಾತು ಅಲ್ಲಿಗೇ ಮುಗಿಯಬೇಕು.

ಯಾವಾಗ ಹೋಗಬೇಕು?

ಮಳೆಗಾಲದಲ್ಲಿ ಜಲಾಶಯಗಳಿಂದ ನೀರು ಬಿಟ್ಟಾಗ ಕಾವೇರಿ ಕೆಂಪಾಗಿ ಉಕ್ಕುತ್ತದೆ. ನದಿ ತಿಳಿಯಾಗಿ ಹಿತವಾಗಿರುವುದು ಡಿಸೆಂಬರಿನಿಂದ ಮಾರ್ಚಿಯವರೆಗೆ. ನಮಗೋ ಅದೇ ದುಡಿಮೆಯ ಕಾಲ. ಶಹಾಪುರ, ಸುರಪುರದ ಅಕ್ಕಿ ಗಿರಣಿಗಳಿಗೆ ಮುಂಗಾರು ಭತ್ತ ಬರುವುದು, ಜಿನ್ನಿಂಗ್ ಮಿಲ್ಲುಗಳ ಮುಂದೆ ಹತ್ತಿಯ ಗಾಡಿ ನಿಲ್ಲುವುದು, ಯಾದಗಿರಿ ಮಾರುಕಟ್ಟೆಗೆ ಹೊಸ ತೊಗರಿ ಬರುವುದು ಎಲ್ಲವೂ ಈ ನಾಲ್ಕು ತಿಂಗಳಲ್ಲಿ. ಇದಕ್ಕೆ ಕಾನೂನಿನ ದಿನಾಂಕಗಳನ್ನು ಸೇರಿಸಿರಿ. ಪ್ರತಿ ತಿಂಗಳು 7ಕ್ಕೆ ಟಿ.ಡಿ.ಎಸ್., 11ಕ್ಕೆ ಜಿ.ಎಸ್.ಟಿ.ಆರ್.-1, 20ಕ್ಕೆ 3ಬಿ. ಮಾರ್ಚಿ 15ಕ್ಕೆ ಮುಂಗಡ ತೆರಿಗೆಯ ಕೊನೆಯ ಕಂತು. ಇವುಗಳ ನಡುವೆ ಉಳಿಯುವುದು ಫೆಬ್ರವರಿ 21ರಿಂದ ಮಾರ್ಚಿ 6ರವರೆಗಿನ ಎರಡು ವಾರ. ಹತ್ತಿಯ ಭರಾಟೆ ಅಷ್ಟರಲ್ಲಿ ಇಳಿದಿರುತ್ತದೆ, ಬಿಸಿಲು ಇನ್ನೂ ಏರಿರುವುದಿಲ್ಲ. ರೈಲಿನ ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರಿನಿಂದ 60 ದಿನಗಳಿಗೆ ಇಳಿದಿರುವುದರಿಂದ ಡಿಸೆಂಬರ್ ಕೊನೆಯ ವಾರದಲ್ಲಿಯೇ ದಿನ ನಿಶ್ಚಯಿಸಬೇಕು.

ಯಾದಗಿರಿಯಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿಂದ ಕನಕಪುರ, ಸಾತನೂರು, ಹಲಗೂರು ಮಾರ್ಗವಾಗಿ ಭೀಮೇಶ್ವರಿಗೆ ಸುಮಾರು ನೂರು ಕಿಲೋಮೀಟರು. ಔಷಧಿಗಳನ್ನು ಊರಿನಿಂದಲೇ ಒಯ್ಯಬೇಕು. ನದಿಯಲ್ಲಿ ಮೊಸಳೆಗಳಿವೆ, ಸುಳಿಗಳಿವೆ. ಹತ್ತಿರದ ಮುತ್ತತ್ತಿಯಲ್ಲಿ ಈಜಲಿಳಿದು ಪ್ರಾಣ ಕಳೆದುಕೊಂಡವರು ಅನೇಕರು. ಕೃಷ್ಣೆಯಲ್ಲಿ ಈಜಿದ ಧೈರ್ಯವನ್ನು ಅಲ್ಲಿ ತೋರಿಸಬಾರದು.

ಖರ್ಚು ಯಾವ ಖಾತೆಗೆ?

ಈ ಪ್ರಶ್ನೆಯನ್ನು ಎಲ್ಲರೂ ಹಿಂದಿರುಗಿ ಬಂದ ನಂತರ ಕೇಳುತ್ತಾರೆ. ಹೋಗುವ ಮೊದಲು ಕೇಳಬೇಕು. ಸಂಪೂರ್ಣವಾಗಿ ಮತ್ತು ಕೇವಲ ವ್ಯಾಪಾರಕ್ಕಾಗಿ ಆದ ಖರ್ಚು ಮಾತ್ರ ವಜಾ ಸಿಗುತ್ತದೆಂಬ ತತ್ವ 1961ರ ಆದಾಯ ತೆರಿಗೆ ಕಾಯ್ದೆಯ 37(1)ನೇ ಕಲಮಿನಲ್ಲಿತ್ತು, 2025ರ ಹೊಸ ಕಾಯ್ದೆಯಲ್ಲಿಯೂ ಉಳಿದಿದೆ. ಕುಟುಂಬದೊಡನೆ ನದಿ ನೋಡಿಬಂದ ಖರ್ಚು ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು. ಅದನ್ನು ‘ಮಾರಾಟ ವೃದ್ಧಿ ವೆಚ್ಚ’ವೆಂದು ಬರೆಸುವ ಸದಸ್ಯರೊಡನೆ ನಾನು ಪ್ರತಿ ವರ್ಷ ವಾದಿಸುತ್ತೇನೆ, ಬಹುಮಟ್ಟಿಗೆ ಗೆಲ್ಲುತ್ತೇನೆ. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿವರೆಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇ. 5 ಮಾತ್ರ. ಸ್ವಂತ ವಿಹಾರದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯುವ ಆಸೆ ಬೇಡ.

ಬೀಜ, ಗೊಬ್ಬರ, ಸಿಮೆಂಟು ಕಂಪನಿಗಳು ಡೀಲರುಗಳನ್ನು ಕರೆದೊಯ್ಯುವ ಪ್ರವಾಸದ ವಿಷಯ ಬೇರೆ. 2022ರ ಜುಲೈ 1ರಿಂದ ಜಾರಿಗೆ ಬಂದ 194ಆರ್ ಕಲಮಿನ ಪ್ರಕಾರ, ಇಂಥ ಪ್ರಯೋಜನದ ಮೌಲ್ಯ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇ. 10ರಷ್ಟು ತೆರಿಗೆ ಕಟ್ಟಬೇಕು. ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, ವಿಷಯ ಬದಲಾಗಿಲ್ಲ. ಈ ಮೊತ್ತ ಡೀಲರರ ಹೆಸರಿನಲ್ಲಿ ಇಲಾಖೆಯ ದಾಖಲೆಗೆ ಸೇರುವುದರಿಂದ ಆದಾಯದಲ್ಲಿ ತೋರಿಸಲೇಬೇಕು. ಪುಕ್ಕಟೆ ಪ್ರವಾಸ ಮುಗಿಸಿ ಮರೆತವರಿಗೆ ವರ್ಷದ ನಂತರ ನೋಟೀಸು ಬಂದ ಉದಾಹರಣೆಗಳಿವೆ.

ಒಂದು ದಿನದ ತಾಲೀಮು

ಇನ್ನು ನನ್ನ ಎರಡನೆಯ ಪ್ರವಾಸ. ಶಹಾಪುರ ಭಾಗದ ಜಿನ್ನಿಂಗ್ ಮಿಲ್ಲಿನ ಮಾಲೀಕರೊಬ್ಬರು, ವಯಸ್ಸು ಅರವತ್ತೊಂದು, ಇಪ್ಪತ್ತೆರಡು ವರ್ಷಗಳಿಂದ ನನ್ನ ಕಕ್ಷಿದಾರರು. ನಾನು ಕರೆದಾಗ ಅವರಾಡಿದ ಮಾತು ಇದು: “ಆಡಿಟರ್ ಸಾಹೇಬ್ರ, ನಾ ಮೂರ್ ದಿನ ಗೈರಾದ್ರ ಮಿಲ್ಲಿನ ಬಾಗಲಾ ಯಾರ್ ತೆಗೀತಾರ?”

“ನೋಡೇ ಬಿಡೋಣ ಸಾವ್ಕಾರ್ರ” ಎಂದೆ. ಹೊರಡುವುದಕ್ಕೆ ಒಂದು ತಿಂಗಳು ಮೊದಲು, ಕೆಲಸದ ದಿನವೊಂದರಲ್ಲಿ, ಅವರ ಫೋನನ್ನು ನನ್ನ ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅರಳೆಯ ಬೇಲು ತುಂಬಿದ ಮೂರು ಲಾರಿಗಳು ಗೇಟಿನಲ್ಲಿ ನಿಂತಿದ್ದವು. ಇ-ವೇ ಬಿಲ್ ತಾಣದ ಒ.ಟಿ.ಪಿ. ಅವರೊಬ್ಬರ ಫೋನಿಗೇ ಬರುತ್ತಿತ್ತು. ಬ್ಯಾಂಕಿನ ಪಾವತಿಗೆ ಒಪ್ಪಿಗೆ ಅವರದೇ. ಡಿಜಿಟಲ್ ಸಹಿಯ ಟೋಕನ್ ಅವರ ಗಲ್ಲಾಪೆಟ್ಟಿಗೆಯಲ್ಲಿ, ಅದರ ಕೀಲಿ ಅವರ ಉಡಿದಾರದಲ್ಲಿ. ಯಾವ ದಲಾಲಿಗೆ ಎಷ್ಟು ಮಾತಾಗಿದೆಯೆಂಬುದು ಅವರ ತಲೆಯಲ್ಲಿ. ಎಂಜಿನಿಯರಿಂಗ್ ಓದಿದ ಮೂವತ್ತು ವರ್ಷದ ಮಗ ಗೇಟಿನ ಬಳಿ ನಿಂತು ಲಾರಿ ಚಾಲಕರಿಗೆ ಚಹಾ ಕುಡಿಸುತ್ತಿದ್ದನು.

ಸಾವ್ಕಾರರು ನಗಲಿಲ್ಲ, ನಾನೂ ನಗಲಿಲ್ಲ. ಇಬ್ಬರಿಗೂ ಒಬ್ಬ ದಾಲ್ ಮಿಲ್ ಮಾಲೀಕರ ನೆನಪು ಬಂದಿತ್ತು. ಏಕಮಾಲೀಕತ್ವದ ಸಂಸ್ಥೆ, ತೊಗರಿಯ ಸುಗ್ಗಿಯಲ್ಲಿ ಅವರು ಹಠಾತ್ತನೆ ತೀರಿಕೊಂಡರು. ಖಾತೆ ನಿಂತಿತು, ಜಿ.ಎಸ್.ಟಿ. ನೋಂದಣಿ ಅವರ ಪ್ಯಾನ್ ಸಂಖ್ಯೆಯ ಮೇಲಿತ್ತು, ವಾರಸು ಪತ್ರ ಬರುವವರೆಗೆ ಗೋದಾಮಿನ ಮಾಲು ಅಲ್ಲಿಯೇ ಹುಳ ಹಿಡಿಯಿತು. ಅವರ ಪತ್ನಿ ನನ್ನ ಎದುರು ಕುಳಿತು “ಯಾರ್ ಯಾರ ಕಡೆ ಬರೋದೈತ್ರಿ?” ಎಂದು ಕೇಳಿದಾಗ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಮುಂದಿನ ನಾಲ್ಕು ವಾರಗಳಲ್ಲಿ ಮಾಡಿದ ಕೆಲಸ ದೊಡ್ಡದೇನಲ್ಲ. ಇ-ವೇ ಬಿಲ್ ತಾಣದಲ್ಲಿ ಮಗನಿಗೂ ಮುನೀಮರಿಗೂ ಅವರವರ ಫೋನಿನ ಮೇಲೆ ಉಪ-ಬಳಕೆದಾರರ ಹೆಸರು ಮಾಡಿಸಿದೆವು. ಎರಡು ಹಂತದ ದೃಢೀಕರಣ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಕಡ್ಡಾಯವಾಗಿರುವುದರಿಂದ ಪ್ರತಿಯೊಬ್ಬ ಸದಸ್ಯರೂ ಇದನ್ನು ಮಾಡಿಸಿಕೊಳ್ಳಬೇಕು. ಜಿ.ಎಸ್.ಟಿ.ಯಲ್ಲಿ ಮಗನನ್ನು ಅಧಿಕೃತ ಸಹಿದಾರನಾಗಿ ಸೇರಿಸಿದೆವು. ಬ್ಯಾಂಕಿಗೆ ಅಧಿಕಾರ ಪತ್ರ ಕೊಟ್ಟು ಮಗನಿಗೆ ದಿನಕ್ಕೊಂದು ಮಿತಿ ಗೊತ್ತು ಮಾಡಿದೆವು. ಕಷ್ಟವಾದದ್ದು ಬಾಯಿಮಾತಿನ ಬಾಕಿಗಳನ್ನು ಕಾಗದಕ್ಕೆ ಇಳಿಸುವುದು. ಎರಡು ಸಂಜೆ ಕುಳಿತು ಸಾವ್ಕಾರರು ಹೇಳಿದರು, ಮಗ ಬರೆದನು. ಕೆಲವು ಹೆಸರುಗಳನ್ನು ಹೇಳಲು ಅವರು ಬಹಳ ಹಿಂಜರಿದರು.

ಫೆಬ್ರವರಿ ಕೊನೆಯ ವಾರ ಹೊರಟೆವು. ಮೊದಲ ದಿನ ಸಾವ್ಕಾರರು ಸಿಗ್ನಲ್ ಹುಡುಕುತ್ತ ಶಿಬಿರದ ದಿಬ್ಬಗಳನ್ನೆಲ್ಲ ಹತ್ತಿಳಿದರು. ಎರಡನೆಯ ದಿನ ಹರಿಗೋಲಿನಲ್ಲಿ ಕುಳಿತು, ತಿಳಿನೀರಿನಲ್ಲಿ ಮೀನೊಂದು ಹೊರಳಿದ್ದನ್ನು ಕಂಡು ಅದರ ತೂಕವನ್ನು ಅಂದಾಜಿಸಲು ತೊಡಗಿದರು. ‘ಭೀಮಾ ನದೀದು’ ಎಂದು ನಾನು ಹೇಳಿದಾಗ ನಂಬಲಿಲ್ಲ.

ಮರಳುವಾಗ ಹಲಗೂರು ದಾಟಿದ ಮೇಲೆ ಫೋನಿಗೆ ಜೀವ ಬಂತು. ಮಗ ನಾಲ್ಕು ಲಾರಿ ಕಳಿಸಿದ್ದನು. ಒಂದು ಗಾಡಿ ಹತ್ತಿಯನ್ನು ಪೇಟೆಯ ದರಕ್ಕಿಂತ ಕ್ವಿಂಟಲಿಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟು ಕೊಂಡಿದ್ದನು. ಸಾವ್ಕಾರರು ಕನಕಪುರದವರೆಗೆ ಅದೊಂದನ್ನೇ ಆಡಿದರು. ರೈಲಿನಲ್ಲಿ ಮಾತ್ರ, ಮಗನನ್ನು ಪಾಲುದಾರನಾಗಿ ಮಾಡಿಕೊಂಡರೆ ಹೊಸ ಪ್ಯಾನ್, ಹೊಸ ನೋಂದಣಿ ಬೇಕೇ, ಹಳೆಯ ತೆರಿಗೆ ಜಮೆ ಹೊಸ ಸಂಸ್ಥೆಗೆ ಬರುವುದೇ ಎಂದು ಕೇಳಿದರು. ಎರಡೂ ಬೇಕು, ಐ.ಟಿ.ಸಿ.-02 ನಮೂನೆಯ ಮೂಲಕ ಜಮೆ ವರ್ಗಾಯಿಸಬಹುದು ಎಂದೆ. ಪಾಲುದಾರಿಕೆ ಪತ್ರದ ಕರಡು ಈಗ ನನ್ನ ಮೇಜಿನ ಮೇಲಿದೆ. ಪಾಲಿನ ಪ್ರಮಾಣದ ಜಾಗವನ್ನು ಅವರಿನ್ನೂ ತುಂಬಿಲ್ಲ.