ಮದ್ಯವೂ ಮಡುವೂ

ಬೇಸಗೆಯ ರಜೆಯ ದಿನಗಳಲ್ಲಿಯೂ ಭಾನುವಾರ ಕಳೆದ ಮರುದಿನಗಳಲ್ಲಿಯೂ ಕನ್ನಡ ದಿನಪತ್ರಿಕೆಗಳ ಒಳಪುಟವನ್ನು ತೆರೆದು ನೋಡತಕ್ಕವರಿಗೆ ಒಂದು ವರ್ತಮಾನವು ತಪ್ಪದೆ ಕಣ್ಣಿಗೆ ಬೀಳುತ್ತದೆ. ಗೆಳೆಯರೊಡನೆ ವಿಹಾರಕ್ಕೆ ಹೋದ ಇಬ್ಬರೋ ಮೂವರೋ ತರುಣರು ಹೊಳೆಯಲ್ಲಿ ಈಜಲಿಳಿದು ಮುಳುಗಿಹೋದರು. ಅಗ್ನಿಶಾಮಕ ದಳದವರೂ ಊರಿನ ಅಂಬಿಗರೂ ಸೇರಿ ಶವಗಳನ್ನು ಮೇಲೆತ್ತಿದರು. ಪೋಲೀಸರು ಪ್ರಕರಣವನ್ನು ದಾಖಲು ಮಾಡಿಕೊಂಡರು. ಊರಿನ ಹೆಸರು, ಹೊಳೆಯ ಹೆಸರು ಬದಲಾಗುವುದನ್ನು ಬಿಟ್ಟರೆ ಎಲ್ಲವೂ ಒಂದೇ ಅಚ್ಚಿನದು. ವಾಚಕರು ‘ಅಯ್ಯೋ, ವಿಧಿ!’ ಎಂದು ನಿಟ್ಟುಸಿರಿಟ್ಟು ಪುಟವನ್ನು ಮಗುಚುತ್ತಾರೆ. ಇದು ವಿಧಿಯಲ್ಲವೆಂದು ಹೇಳುವುದಕ್ಕೋಸ್ಕರವೇ ನಾವು ಇಂದು ಈ ಅಂಕಣವನ್ನು ಮೀಸಲಿಟ್ಟಿದ್ದೇವೆ.

ವಿಶ್ವ ಆರೋಗ್ಯ ಸಂಸ್ಥೆಯ ಗಣನೆಯಂತೆ 2021ರಲ್ಲಿ ಭೂಮಂಡಲದಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ನಮ್ಮ ದೇಶದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ನೆಯ ವರ್ಷಕ್ಕೆ ಕೊಟ್ಟ ಲೆಕ್ಕವು 38,000ಕ್ಕೂ ಮೀರಿದ್ದು. ಸಂಯುಕ್ತ ರಾಷ್ಟ್ರಸಂಸ್ಥೆಯು 2021ರಲ್ಲಿ ನಿರ್ಣಯ ಮಾಡಿ, ಜುಲೈ 25ನೆಯ ದಿನವನ್ನು ಜಲಮರಣ ನಿವಾರಣೆಗಾಗಿ ಗೊತ್ತುಪಡಿಸಿದೆ. ದಿನಾಚರಣೆಗಳಲ್ಲಿ ನಮಗೆ ಬಹಳ ನಂಬಿಕೆಯಿಲ್ಲ. ಆದರೆ ನೀರಿನ ಬಳಿಯ ಮದ್ಯಪಾನವನ್ನು ಆ ವಿಶ್ವಸಂಸ್ಥೆಯ ವೈದ್ಯರು ಈ ಮರಣಗಳ ಕಾರಣಗಳಲ್ಲಿ ಹೆಸರೆತ್ತಿ ಎಣಿಸಿರುವುದು ಗಮನಿಸತಕ್ಕ ಸಂಗತಿ.

ಮೊದಲು ನೀರಿನ ಮಾತು. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ವಿಸ್ತಾರವಾಗಿ ಹರಿದು ಬರುವ ಕಾವೇರಿಯು, ಸ್ವಲ್ಪ ದೂರದಲ್ಲಿಯೇ, ಮೇಕೆ ಹಾರಿ ದಾಟಬಹುದೆಂದು ಜನರು ಹೇಳುವಷ್ಟು ಇಕ್ಕಟ್ಟಾದ ಬಂಡೆಗಳ ಸಂದಿನಲ್ಲಿ ನುಗ್ಗುತ್ತದೆ. ಅಗಲದಲ್ಲಿ ಕಳೆದುಕೊಂಡುದನ್ನು ಹೊಳೆಯು ಆಳದಲ್ಲಿಯೂ ಸೆಳೆತದಲ್ಲಿಯೂ ಪಡೆದುಕೊಳ್ಳುತ್ತದೆ. ಬಂಡೆಗಳು ನೀರಿನಿಂದ ಸವೆದು ನುಣುಪಾಗಿವೆ. ಅವುಗಳ ಒಡಲಿನಲ್ಲಿ ನೀರೇ ಕೊರೆದ ಕುಳಿಗಳಿವೆ. ಮೇಲೆ ನಿಂತು ನೋಡುವ ಪಟ್ಟಣದ ಹುಡುಗನಿಗೆ ಇದೊಂದೂ ಕಾಣದು. ಶ್ರೀರಂಗಪಟ್ಟಣದ ಬಳಿಯ ಬಲಮುರಿಯಲ್ಲಿಯಾದರೋ ಕಟ್ಟೆಯ ಮೇಲೆ ತೆಳುವಾಗಿ ಹರಿಯುವ ನೀರು ಎಳೆಯ ಮಕ್ಕಳನ್ನೂ ಕರೆಯುವಂತಿರುತ್ತದೆ. ಕಾಲ ಕೆಳಗಿನ ಪಾಚಿ ಮಾತ್ರ ಯಾರನ್ನೂ ಎಚ್ಚರಿಸುವುದಿಲ್ಲ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮೊಣಕಾಲುದ್ದದ ಹೊಳೆಯು ಎಷ್ಟು ಬೇಗ ಎದೆಯುದ್ದವಾಗುವುದೆಂಬುದಕ್ಕೆ 2014ರ ಜೂನ್ ತಿಂಗಳಲ್ಲಿ ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಮಂದಿ ವಿದ್ಯಾರ್ಥಿಗಳು ಕೊಚ್ಚಿಹೋದುದೇ ಸಾಕ್ಷಿ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಕೋಲಾರ ಜಿಲ್ಲೆಯ ವಸತಿಶಾಲೆಯೊಂದರ ನಾಲ್ವರು ಬಾಲಕಿಯರು ಪ್ರಾಣ ಬಿಟ್ಟರು. ಆ ಮಕ್ಕಳ ಬಳಿ ಮದ್ಯದ ಸೋಂಕೂ ಇರಲಿಲ್ಲ. ನೀರು ತಾನೊಂದೇ ಇಷ್ಟನ್ನು ಮಾಡಬಲ್ಲುದಾದರೆ, ಮತಿಯನ್ನು ಮಂಕು ಮಾಡುವ ಇನ್ನೊಂದು ದ್ರವವನ್ನು ಅದರ ಪಕ್ಕದಲ್ಲಿ ತಂದಿಡುವ ಸಾಹಸಕ್ಕೆ ಏನೆನ್ನಬೇಕು?

ವಿಹಾರಗಳಲ್ಲಿ ಈ ಅನರ್ಥವು ಒಂದು ಕ್ರಮದಿಂದ ನಡೆಯುತ್ತದೆ. ಬೆಳಿಗ್ಗೆ ಹೊರಡುವಾಗ ಯಾರಿಗೂ ನೀರಿಗಿಳಿಯುವ ಸಂಕಲ್ಪವಿರುವುದಿಲ್ಲ. ದಡದ ನೆರಳಿನಲ್ಲಿ ಊಟ, ಊಟದೊಡನೆ ಸೀಸೆ, ಬಿಸಿಲೇರಿದಂತೆ ಸೆಕೆ, ಆಮೇಲೆ ನೀರು. ಈಜು ಬಾರದವನು ಹಿಂಜರಿದರೆ ಗೆಳೆಯರು ನಗುತ್ತಾರೆ. ‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂಬ ಗಾದೆಯನ್ನು ನಮ್ಮ ಹಿರಿಯರು ಹಿಡಿದ ಕೆಲಸವನ್ನು ಬಿಡಬಾರದೆಂಬ ಅರ್ಥದಲ್ಲಿ ಹೇಳಿದರೇ ಹೊರತು ಕುಡಿದವನನ್ನು ಮಡುವಿಗೆ ನೂಕುವುದಕ್ಕೆ ಹೇಳಲಿಲ್ಲ. ತೂರಾಡುವಷ್ಟು ಕುಡಿದವನನ್ನು ಜೊತೆಗಾರರೇ ಹಿಡಿದು ಕೂರಿಸುತ್ತಾರೆ. ನಮ್ಮ ಎಣಿಕೆಯಲ್ಲಿ ಹೆಚ್ಚು ಅಪಾಯದಲ್ಲಿರತಕ್ಕವನು ಸ್ವಲ್ಪವೇ ಕುಡಿದವನು: ಅವನ ಮಾತು ನೆಟ್ಟಗಿರುತ್ತದೆ, ನಡೆ ನೆಟ್ಟಗಿರುತ್ತದೆ, ಅಂಜಿಕೆಯೊಂದು ಮಾತ್ರ ಅವನನ್ನು ಬಿಟ್ಟುಹೋಗಿರುತ್ತದೆ. ನೀರಿನ ಬಳಿ ಮನುಷ್ಯನನ್ನು ಕಾಯತಕ್ಕದ್ದು ಆ ಅಂಜಿಕೆಯೇ.

ದೇಹದ ಮೇಲೆ ಮದ್ಯದ ಕಾರ್ಯವೂ ತಿಳಿದಿರತಕ್ಕದ್ದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ವಾಸ್ತವದಲ್ಲಿ ಒಳಗಿನ ಶಾಖವು ತಣ್ಣೀರಿಗೆ ಬೇಗ ಸೋರಿಹೋಗುತ್ತದೆ. ಕಿವಿಯೊಳಗಿನ ಸಮತೋಲದ ಇಂದ್ರಿಯವು ಕೆಡುವುದರಿಂದ, ಮುಳುಗಿದವನಿಗೆ ಮೇಲಾವುದು ಕೆಳಗಾವುದು ಎಂಬುದೇ ತಿಳಿಯದೆ ಹೋಗಬಹುದು. ಕೈಕಾಲುಗಳು ಮನಸ್ಸಿನ ಆಜ್ಞೆಗೆ ತಡವಾಗಿ ಓಗೊಡುತ್ತವೆ. ನುರಿತ ಈಜುಗಾರನಿಗೂ ಇದರಿಂದ ವಿನಾಯಿತಿಯಿಲ್ಲ. ತಾನು ಬಲ್ಲೆನೆಂಬ ನೆಚ್ಚಿಕೆಯಿಂದ ಅವನು ಹೆಚ್ಚು ದೂರ ಹೋಗುತ್ತಾನೆ. ತಣ್ಣೀರಿನ ಸ್ನಾನದಿಂದಲೂ ನಿಂಬೆಯ ರಸದಿಂದಲೂ ಮಜ್ಜಿಗೆಯಿಂದಲೂ ಅಮಲು ಇಳಿಯುವುದೆಂಬ ನಂಬಿಕೆಯು ಶುದ್ಧ ಭ್ರಾಂತಿ. ಯಕೃತ್ತು ತನ್ನ ವೇಗದಲ್ಲಿಯೇ ಮದ್ಯವನ್ನು ಕರಗಿಸುತ್ತದೆ. ಅದಕ್ಕೆ ಬೇಕಾದುದು ಗಂಟೆಗಳ ಕಾಲವೇ ಹೊರತು ಔಷಧವಲ್ಲ.

ಮುಳುಗುವವನು ಕೈ ಬೀಸಿ ಕೂಗುತ್ತಾನೆಂದು ಸಿನಿಮಾ ನೋಡಿದವರೆಲ್ಲರೂ ನಂಬಿದ್ದಾರೆ. ಬಹುಮಟ್ಟಿಗೆ ಹಾಗಾಗುವುದಿಲ್ಲ. ಉಸಿರಿಗೇ ಸಾಲದ ಬಾಯಿಯಿಂದ ಕೂಗು ಹೊರಡಲಾರದು. ಅವನು ತಲೆಯನ್ನು ಹಿಂದಕ್ಕೆಸೆದು, ತುಟಿಯನ್ನು ನೀರಿನ ಮಟ್ಟದಲ್ಲಿ ಹಿಡಿದು, ಒಂದು ನಿಮಿಷದೊಳಗಾಗಿಯೇ ಸದ್ದಿಲ್ಲದೆ ಇಳಿದುಹೋಗಬಹುದು. ಅಮಲಿನಲ್ಲಿ ನಗುತ್ತ ನಿಂತ ಗೆಳೆಯರು ಅದನ್ನು ಆಟವೆಂದೇ ಭಾವಿಸಬಹುದು. ತಿಳಿದೊಡನೆ ಒಬ್ಬನು ಹಾರುತ್ತಾನೆ, ಅವನ ಹಿಂದೆ ಮತ್ತೊಬ್ಬನು. ಮುಳುಗುವವನ ಹಿಡಿತ ಮೊಸಳೆಯ ಹಿಡಿತದಂಥದು. ಪತ್ರಿಕೆಗಳಲ್ಲಿ ಒಬ್ಬನ ಬದಲು ಮೂವರ ಹೆಸರುಗಳು ಬರುವುದು ಹೀಗೆ. ಈ ಗೆಳೆತನವನ್ನು ನಾವು ಗೌರವಿಸುತ್ತೇವೆ. ಆದರೆ ಅದಕ್ಕೆ ಹಗ್ಗವೊಂದು ಜೊತೆಯಾಗಿದ್ದರೆ ಮೂವರೂ ಮನೆ ಸೇರುತ್ತಿದ್ದರು. ದಡದಿಂದ ಪಂಚೆ, ಸೀರೆ, ಬಿದಿರುಗಳ, ಏನಾದರೂ ಚಾಚಬಹುದು, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನನ್ನು ಎಸೆಯಬಹುದು, 112ಕ್ಕೆ ಕರೆ ಮಾಡಬಹುದು, ಹರಿಗೋಲಿನವರನ್ನು ಕೂಗಬಹುದು. ಇದಕ್ಕೆಲ್ಲ ತಂಡದಲ್ಲಿ ಒಬ್ಬನಾದರೂ ಆ ದಿನ ಸೀಸೆಯನ್ನು ಮುಟ್ಟದೆ ಕಣ್ಣು ತೆರೆದು ದಡದಲ್ಲಿ ಕುಳಿತಿರಬೇಕು. ಉಳಿದವರ ಪಾಡಿಗೆ ಬಂದರೆ, ಕುಡಿದವರು ಆ ದಿನ ನೀರಿಗಿಳಿಯಲೇ ಕೂಡದು.

ಮೇಲೆತ್ತಿದ ಬಳಿಕ ಮಾಡತಕ್ಕ ಉಪಚಾರದಲ್ಲಿಯೂ ನಮ್ಮ ಜನರ ತಪ್ಪು ತಿಳಿವಳಿಕೆ ದೊಡ್ಡದು. ಹೊಟ್ಟೆಯನ್ನು ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಎತ್ತಿ ತಿರುಗಿಸುವುದು ಹಳ್ಳಿಗಳಲ್ಲಿ ಇಂದಿಗೂ ನಡೆಯುತ್ತದೆ. ಇದರಿಂದ ಕಾಲಹರಣವಾಗುವುದಲ್ಲದೆ, ಹೊಟ್ಟೆಯ ಅನ್ನವು ಶ್ವಾಸನಾಳಕ್ಕೆ ಇಳಿಯುವ ಭಯವೂ ಇದೆ. ಉಸಿರು ನಿಂತು ನಾಲ್ಕಾರು ನಿಮಿಷಗಳಲ್ಲಿ ಮಿದುಳು ಕೆಡಲಾರಂಭಿಸುತ್ತದೆ. ಉಸಿರಿಲ್ಲದವನನ್ನು ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಹಿಡಿದು ಬಾಯಿಗೆ ಬಾಯಿಟ್ಟು ಮೊದಲು ಐದು ಸಲ ಉಸಿರೂದಬೇಕು. ಆಮೇಲೆ ಎದೆಯ ನಡುವೆ 30 ಸಲ ಬಲವಾಗಿಯೂ ಬೇಗಬೇಗನೆಯೂ ಒತ್ತಿ 2 ಸಲ ಉಸಿರೂದುತ್ತ, ವೈದ್ಯರ ಸಹಾಯ ಬರುವವರೆಗೆ ಬಿಡದೆ ಮುಂದುವರಿಸಬೇಕು. ಉಸಿರಾಡುತ್ತಿರುವ ಅಮಲಿನವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸತಕ್ಕದ್ದು, ವಾಂತಿಯು ಗಂಟಲಿಗೆ ಅಡ್ಡವಾಗದಿರಲೆಂದು.

ಇಲ್ಲಿ ತಂದೆತಾಯಿಗಳಿಗೆ ಅಪ್ರಿಯವಾದ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ಪಾನನಿರೋಧದಲ್ಲಿ ನಮಗೆ ಶ್ರದ್ಧೆಯಿದೆ. ಸಂವಿಧಾನದ 47ನೆಯ ವಿಧಿಯು ಸತ್ತ ಅಕ್ಷರವೆಂದು ನಾವು ಎಣಿಸುವುದಿಲ್ಲ. ಆದರೆ ಮಗನು ಕುಡಿಯಬಾರದೆಂಬುದು ಒಂದು ಮಾತು. ಕುಡಿದ ಸಂಗತಿ ಮನೆಗೆ ತಿಳಿದೀತೆಂಬ ಅಂಜಿಕೆಯಿಂದ ಅವನು ಜನಸಂಚಾರವಿಲ್ಲದ ಕಲ್ಲುಗಣಿಯ ಹೊಂಡವನ್ನೋ ಹಿನ್ನೀರಿನ ಮೂಲೆಯನ್ನೋ ಹುಡುಕಿಕೊಂಡು ಹೋಗುವುದು ಇನ್ನೊಂದು ಮಾತು. ಅಲ್ಲಿ ಅಂಬಿಗನಿಲ್ಲ, ಪೋಲೀಸನಿಲ್ಲ, ಕೂಗಿದರೆ ಓಗೊಡುವವರಿಲ್ಲ. ಅನಾಹುತವಾದ ಮೇಲೆ ಜೊತೆಗಾರರು ಸೀಸೆಗಳನ್ನು ಬಚ್ಚಿಡುವುದರಲ್ಲಿ ಕಳೆದ ನಿಮಿಷಗಳೇ ಒಂದು ಜೀವದ ಬೆಲೆಯಾಗಬಹುದು. ‘ನಿನ್ನಿಂದ ಏನೇ ತಪ್ಪಾಗಿರಲಿ, ಅಪಾಯದಲ್ಲಿದ್ದಾಗ ಮೊದಲು ನಮಗೆ ಹೇಳು, ವಿಚಾರಣೆ ಆಮೇಲಿರಲಿ’ ಎಂದು ಮನೆಯ ಹಿರಿಯರು ಮುಂಚಿತವಾಗಿಯೇ ಹೇಳಿಟ್ಟರೆ ಅದರಿಂದ ಶೀಲವು ಸಡಿಲಾಗುವುದೆಂದು ನಮಗೆ ತೋರುವುದಿಲ್ಲ.

ಹಿಂದೆ ಹಳ್ಳಿಯ ಹುಡುಗನಿಗೆ ಬೆನ್ನಿಗೆ ಬೆಂಡನ್ನೋ ಸೋರೆಯ ಬುರುಡೆಯನ್ನೋ ಕಟ್ಟಿ ದೊಡ್ಡವರು ಬಾವಿಗಿಳಿಸುತ್ತಿದ್ದರು. ಬಾವಿಗಳು ಬತ್ತಿದವು, ಅದರೊಡನೆ ಆ ವಿದ್ಯೆಯೂ ಬತ್ತಿತು. ಅವುಗಳ ಸ್ಥಾನಕ್ಕೆ ಕೃಷಿಹೊಂಡಗಳು ಬಂದಿವೆ. ಅವುಗಳ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಈಜು ಬಲ್ಲವನೂ ಕಾಲೂರಿ ಹತ್ತಲಾರನು. ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಈಜು ಕಲಿಸುವುದು ಶಾಲೆಗಳ ಹೊಣೆಯಾಗಬೇಕು.

ಸರಕಾರದವರು ಎಚ್ಚರಿಕೆಯ ಹಲಗೆ ನೆಟ್ಟು ಕೈತೊಳೆದುಕೊಳ್ಳುವಂತಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವಂತೆ, ಸಾವಾದ ಬಳಿಕ ಕೆಲವು ವಾರ ತೀರವನ್ನು ಮುಚ್ಚುವುದೂ ಆಡಳಿತವಲ್ಲ. ಮದ್ಯಕ್ಕೆ ಹೆಸರಾದ ನೆರೆಯ ಗೋವೆಯನ್ನು ನೋಡಿರಿ. ಅಲ್ಲಿ 2008ರಿಂದ ಕಡಲತೀರಗಳಲ್ಲಿ ಸಂಬಳದ ಜೀವರಕ್ಷಕರಿದ್ದಾರೆ. 2019ರಲ್ಲಿ ಕಾಯಿದೆಯನ್ನು ತಿದ್ದಿ, ತೀರದಲ್ಲಿ ಬಹಿರಂಗವಾಗಿ ಕುಡಿಯುವುದಕ್ಕೆ ಒಬ್ಬನಿಗೆ 2,000, ಗುಂಪಿಗೆ 10,000 ರೂಪಾಯಿಗಳ ದಂಡವನ್ನು ಇಟ್ಟರು. ನಮ್ಮಲ್ಲಾದರೋ ಮದ್ಯ ಕೊಳ್ಳುವ ವಯಸ್ಸು ಅಬಕಾರಿ ಕಾಯಿದೆಯಲ್ಲಿ 18, ಅದರಡಿಯ ನಿಯಮಗಳಲ್ಲಿ 21 ಎಂಬ ಗೊಂದಲ ಬೆಳೆದುಬಂತು. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡನ್ನು ಹೊರಡಿಸಿ, ಜನರು ವಿರೋಧಿಸಲು ಹಿಂತೆಗೆದುಕೊಂಡರು.

ಶವವನ್ನು ಹುಡುಕುವುದಕ್ಕೆ ಇಂದು ಯಾವ ಅಂಬಿಗರನ್ನೂ ಬೆಸ್ತರನ್ನೂ ಕರೆಸುತ್ತಾರೋ ಅವರಿಗೆ ಅಲ್ಲಿಯ ಮಡು, ಸುಳಿ, ಬಂಡೆಗಳೆಲ್ಲವೂ ಕರತಲಾಮಲಕ. ಬಲಮುರಿ, ಮುತ್ತತ್ತಿ, ಸಂಗಮ, ಗೋಕರ್ಣ, ಮುರುಡೇಶ್ವರಗಳಲ್ಲಿ ಅವರನ್ನೇ ರಜೆಯ ದಿನಗಳಲ್ಲಿ ಹಗ್ಗ, ತೇಲುಬಳೆಗಳೊಡನೆ ಸಂಬಳ ಕೊಟ್ಟು ನಿಲ್ಲಿಸಲಿ; ದಡದ ಪ್ರವೇಶದಲ್ಲಿಯೇ ಸೀಸೆಗಳನ್ನು ತಡೆಯುವ ಅಧಿಕಾರವುಳ್ಳ ಒಬ್ಬ ಪೋಲೀಸನು ಅವರ ಜೊತೆಗಿರಲಿ. ಹಣವಿಲ್ಲವೆಂಬ ಉತ್ತರವನ್ನು ನಾವು ಒಪ್ಪೆವು. 2023–24ರಲ್ಲಿ ಅಬಕಾರಿಯೊಂದರಿಂದಲೇ ರಾಜ್ಯದ ಬೊಕ್ಕಸಕ್ಕೆ 30,000 ಕೋಟಿ ರೂಪಾಯಿಗಳಿಗೂ ಮೀರಿ ಬಂದಿದೆ. ಅಂಬಿಗರ ಸಂಬಳವನ್ನು ಆ ಬಾಬಿನಿಂದಲೇ ಕೊಡತಕ್ಕದ್ದು.