ಮೊದಲ ತುತ್ತು ಬಾಯಿಗೋ, ಮುಖಕ್ಕೋ?

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಒಂದು ಮದುವೆ ಕೇಕಿನ ವಿಷಯ ಮಾತಾಡೋಣ.

ಕಳೆದ ಬೇಸಿಗೆಯಲ್ಲಿ ಅಫಜಲಪುರ ತಾಲೂಕಿನ ಮಣ್ಣೂರಿಗೆ ಸಂಬಂಧಿಕರ ಮದುವೆಗೆ ಹೋಗಿದ್ದೆ. ಮಧ್ಯಾಹ್ನ ಅಕ್ಕಿಕಾಳು ಬಿದ್ದ ಮೇಲೆ ಭೂಮದ ಊಟ. ಗಂಡು-ಹೆಣ್ಣನ್ನ ಒಂದೇ ತಾಟಿಗೆ ಕೂಡಿಸಿದರು. ಹುಡುಗ ಹುಗ್ಗಿ ತುತ್ತು ಎತ್ತಿ ಹಿಡಿದ. ಹುಡುಗಿಗೆ ನಾಚಿಕೆ, ಬಾಯಿ ತೆರೆಯಲಿಲ್ಲ. ಹುಗ್ಗಿ ಕೈಯಿಂದ ಇಳೀತಿದ್ದರೂ ಹುಡುಗ ಸುಮ್ಮನೆ ಕಾಯ್ದ. ಆಕೆ ಬಾಯಿ ತೆರೆದ ಮೇಲೇ ತಿನ್ನಿಸಿದ.

ಸಂಜೆ ಸ್ಟೇಜ್ ಮೇಲೆ ಮೂರು ಅಂತಸ್ತಿನ ಕೇಕ್ ಬಂತು. ಎಂಜಿನಿಯರಿಂಗ್ ಓದಿದವನ ಚಾಳಿ, ನಾನು ಮೊದಲು ನೋಡಿದ್ದು ಅದು ಹೇಗೆ ನಿಂತಿದೆ ಅಂತ. ಮೇಲಿನ ಭಾರವನ್ನ ಕೇಕ್ ಹೊರಲ್ಲ. ಒಳಗೆ ಚುಚ್ಚಿದ ಕಡ್ಡಿಗಳು ಹೊರುತ್ತವೆ. ಅಷ್ಟರಲ್ಲಿ ಗೆಳೆಯರು "ಹಚ್ಚೋ, ಹಚ್ಚೋ" ಅಂತ ಕೂಗಿದರು. ಅದೇ ಹುಡುಗ, ಅದೇ ಕೈ. ಒಂದು ಹಿಡಿ ಕ್ರೀಮ್ ಹುಡುಗಿ ಮುಖಕ್ಕೆ ಮೆತ್ತಿದ. ಕಣ್ಣೊಳಗೆ ಹೋಯಿತು. ಎಲ್ಲರೂ ಚಪ್ಪಾಳೆ. ನನ್ನ ಪಕ್ಕದಲ್ಲಿದ್ದ ಅಜ್ಜಿ ಕೇಳಿದರು: "ಆಕಿಗಿ ಒಂದ್ ಮಾತ್ ಕೇಳ್ದನೇನೋ ತಮ್ಮಾ?"

ಈ ಕೇಕು ಹುಟ್ಟಿದ್ದು ಮೆತ್ತೋಕಲ್ಲ. ಪ್ರಾಚೀನ ರೋಮ್‌ನ ದೊಡ್ಡ ಮನೆತನಗಳಲ್ಲಿ 'ಕಾನ್ಫರಿಯಾಶಿಯೋ' ಅಂತ ಒಂದು ಮದುವೆ ಪದ್ಧತಿ ಇತ್ತು. 10 ಸಾಕ್ಷಿಗಳ ಮುಂದೆ 'ಫಾರ್' ಅನ್ನೋ ಧಾನ್ಯದ ರೊಟ್ಟಿಯನ್ನ ಜುಪಿಟರ್ ದೇವರಿಗೆ ಅರ್ಪಿಸಿ ಮದುವೆ ಮಾಡ್ತಿದ್ದರು. ಆ ಫಾರ್ ಬೇರೇನಲ್ಲ, ನಮ್ಮ ಉತ್ತರ ಕರ್ನಾಟಕದ ಜವೆ ಗೋಧಿಯ ಜಾತಿ. ನಾವು ಹುಗ್ಗಿ ಮಾಡ್ತೀವಲ್ಲ, ಅದೇ! ಮುಂದೆ 1840ರ ಫೆಬ್ರುವರಿ 10ರಂದು ವಿಕ್ಟೋರಿಯಾ ರಾಣಿಯ ಮದುವೆಗೆ ಸುಮಾರು 300 ಪೌಂಡ್, ಅಂದರೆ 136 ಕಿಲೋ ತೂಕದ ಕೇಕ್ ಬಂತು. ಬಿಳಿ ಸಕ್ಕರೆ ಲೇಪಕ್ಕೆ 'ರಾಯಲ್ ಐಸಿಂಗ್' ಅಂತಾರೆ. ಅದು ಒಣಗಿದರೆ ಗಟ್ಟಿ. ಹಿಂದೆ ಕೇಕ್ ಕತ್ತರಿಸೋದು ಮದುಮಗಳ ಕೆಲಸ. ಒಬ್ಬಳ ಕೈಗೆ ಕಷ್ಟವಾಗಿ ಮದುಮಗ ಕೈ ಸೇರಿಸಿದ ಅಂತ ಹೇಳ್ತಾರೆ. ಇಬ್ಬರೂ ಒಂದೇ ಚಾಕು ಹಿಡಿಯೋದರ ಹಿಂದೆ ಇರೋದು ಇದೇ, ಸಹಾಯದ ಕೈ.

ನಮ್ಮ ಭೂಮವೂ ಇದೇ ಅಲ್ವಾ? ಆದರೆ ನಮ್ಮದೆಲ್ಲ ಸರಿ, ಅವರದು ತಪ್ಪು ಅಂತ ನಾನು ಹೇಳಲ್ಲ. ಅದೇ ಮಧ್ಯಾಹ್ನ ಒಡಪು ಹೇಳಿಸಿದರು. ಹುಡುಗಿ ಗಂಡನ ಹೆಸರನ್ನ ಪದ್ಯದಲ್ಲಿ ಸುತ್ತಿ ಮರ್ಯಾದೆಯಿಂದ ಹೇಳಿದಳು. ಹುಡುಗನ ಕೈಲೂ ಆಕೆಯ ಹೆಸರು ಹೇಳಿಸಿದರು. ಅಲ್ಲಿಗೆ ಸಮ. ಸಂಜೆ ಹೊತ್ತಿಗೆ? ಆಕೆ "ರೀ", ಇವನು "ಏ". ನಮ್ಮ ಮನೆಯಲ್ಲೂ ಹೆಂಡತಿ "ನೀವು" ಅಂತಾಳೆ, ನಾನು "ನೀನು" ಅಂತೀನಿ. ಸ್ಟುಡಿಯೋದಲ್ಲಿ ಜಗಳಕ್ಕೆ ಬಂದ ಅತಿಥಿಗೂ ದಿನಾ "ತಾವು" ಅನ್ನೋ ನಾನು!

ಕ್ರೀಮ್ ಹಚ್ಚಿದವನು ಕೆಟ್ಟವನಲ್ಲ. ಮಧ್ಯಾಹ್ನ ಅವನ ಮುಂದೆ ಇದ್ದದ್ದು ಹುಡುಗಿ. ಸಂಜೆ ಇದ್ದದ್ದು ಗೆಳೆಯರು, ಮೊಬೈಲು. ರೀಲ್ಸ್‌ಗೆ ಬೇಕಾದದ್ದು ಆಕೆ ಬೆಚ್ಚಿಬೀಳೋದು. ಆಕೆ ಒಪ್ಪೋವರೆಗೆ ಕಾಯೋದು ವಿಡಿಯೋಗೆ ಬೇಕಾಗಿಲ್ಲ. ಇಬ್ಬರೂ ಮೊದಲೇ ಮಾತಾಡಿಕೊಂಡು ಹಚ್ಚಿಕೊಂಡರೆ ಅದು ಅವರ ಆಟ, ನಮ್ಮ ತಕರಾರಿಲ್ಲ.

ಹುಡುಗಿ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಮೇಕಪ್ ಹೋಗಿತ್ತು, ಕಣ್ಣು ಕೆಂಪಗಿತ್ತು. ಫೋಟೋಗ್ರಾಫರ್ ಇನ್ನೊಮ್ಮೆ ತಿನ್ನಿಸಿ ಅಂದ. ಆಕೆ ಗಂಡನ ಕೈ ನೋಡಿ ಮೆಲ್ಲಗೆ ಅಂದಳು: "ಮದ್ಲ ಕೈ ತೊಳ್ಕೊಂಡ್ ಬರ್ರಿ."

ಗೆಳೆಯರ ಗಲಾಟೆ ನಿಂತಿತು. ಹುಡುಗ ಕೈ ತೊಳೆಯೋಕೆ ಸ್ಟೇಜ್ ಇಳಿದು ಹೋದ.