ಗಾಂಜಾ: ಶಾಸಕರ ಕೈಯಲ್ಲಿ ಇರುವುದೆಷ್ಟು?

ಚುನಾವಣೆ ಬಂತೆಂದರೆ ಹಿಂದೂಪುರ, ಕಲ್ಯಾಣದುರ್ಗದ ಕಡೆ ಗಾಂಜಾ ಬಗ್ಗೆ ಎರಡು ಮಾತು ಕೇಳುತ್ತವೆ. 2024ರ ಮೇ 13ರ ಮತದಾನಕ್ಕೆ ಮೊದಲು ಆಂಧ್ರದುದ್ದಕ್ಕೂ ಪ್ರಚಾರದಲ್ಲಿ ಜೋರಾಗಿದ್ದುದು ‘ಗಾಂಜಾ ನಿರ್ಮೂಲ ಮಾಡುತ್ತೇವೆ’ ಎಂಬ ಮಾತು. ಇದರ ಜೊತೆಗೆ, ಅಮೆರಿಕದಲ್ಲಿ ಒಂದೊಂದೇ ರಾಜ್ಯ ಗಾಂಜಾಕ್ಕೆ ಅನುಮತಿ ಕೊಡುತ್ತಿದೆ, ನಮ್ಮಲ್ಲೂ ಅಂಥ ಶಾಸಕರು ಗೆದ್ದು ಬಂದರೆ ಆಗುತ್ತದೆ ಎನ್ನುವ ಓದಿದ ಹುಡುಗರೂ ಇದ್ದಾರೆ. ಅಭ್ಯರ್ಥಿ ಯಾವ ಮಾತನ್ನೇ ಆಡಲಿ, ಅದರಲ್ಲಿ ಅವರ ಕೈಯಲ್ಲಿ ಆಗುವುದೆಷ್ಟು ಎಂದು ಮತದಾರ ತೂಗಿ ನೋಡಬೇಕು.

‘ಶಾಸಕರು ಮನಸ್ಸು ಮಾಡಿದರೆ ಗಾಂಜಾ ಕಾನೂನುಬದ್ಧವಾಗುತ್ತದೆ’ ಎಂಬುದು ಮೊದಲ ತಪ್ಪು ಕಲ್ಪನೆ. ಅಮೆರಿಕದ ಕೊಲರಾಡೊದಲ್ಲಿ 2012ರಲ್ಲಿ ಜನರೇ ಮತ ಹಾಕಿ ತಮ್ಮ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದರು. ನಮ್ಮ ವ್ಯವಸ್ಥೆಯೇ ಬೇರೆ. ಗಾಂಜಾ ನಿಷೇಧಿಸಿರುವುದು ಸಂಸತ್ತು 1985ರಲ್ಲಿ ಮಾಡಿದ ಎನ್‌ಡಿಪಿಎಸ್ ಕಾಯ್ದೆ. ಮಾದಕವಸ್ತು ಮತ್ತು ವಿಷಗಳ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಜ್ಯ ವಿಧಾನಸಭೆ ಆ ಕಾಯ್ದೆಗೆ ವಿರುದ್ಧವಾದ ಕಾನೂನು ಮಾಡಿದರೆ ರಾಷ್ಟ್ರಪತಿಯ ಅಂಕಿತ ಸಿಗದೆ ಅದು ನಿಲ್ಲುವುದಿಲ್ಲ. ಹಾಗಂತ ರಾಜ್ಯದ ಕೈ ಪೂರ್ತಿ ಖಾಲಿಯೂ ಅಲ್ಲ. ಕಾಯ್ದೆಯ 10ನೇ ಕಲಮು ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಚರಸ್ ಬಿಟ್ಟು ಉಳಿದದ್ದಕ್ಕೆ ನಿಯಮ ರೂಪಿಸಿ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿದೆ. ನಾರು ಮತ್ತು ಬೀಜಕ್ಕಾಗಿ ಬೆಳೆಯಲು 14ನೇ ಕಲಮಿನಲ್ಲಿ ಅವಕಾಶವಿದೆ. ಉತ್ತರಾಖಂಡ ಈ ದಾರಿಯಲ್ಲೇ ಅಮಲಿನಂಶ ತೀರಾ ಕಡಿಮೆಯಿರುವ ತಳಿಗಳ ಬೇಸಾಯಕ್ಕೆ ಅನುಮತಿ ಕೊಟ್ಟಿತು. ಹಿಮಾಚಲದ ವಿಧಾನಸಭೆ 2024ರಲ್ಲಿ ಇದೇ ವಿಷಯ ಚರ್ಚಿಸಿತು. ಆದ್ದರಿಂದ ‘ಗಾಂಜಾಕ್ಕೆ ಅನುಮತಿ ಕೊಡಿಸುತ್ತೇನೆ’ ಎನ್ನುವವರನ್ನು ‘ಯಾವ ಕಲಮಿನಡಿ, ಯಾವ ಗಿಡಕ್ಕೆ, ಯಾರಿಗೆ?’ ಎಂದು ಕೇಳುವುದು ಮತದಾರನ ಹಕ್ಕು.

ಗಡಿಯವರಾದ ನಮಗೆ ಅಂಟಿಕೊಂಡ ಇನ್ನೊಂದು ನಂಬಿಕೆ, ‘ಆಂಧ್ರದಲ್ಲಿ ಒಂದು ಕಾನೂನು, ಕರ್ನಾಟಕದಲ್ಲಿ ಇನ್ನೊಂದು’ ಎಂಬುದು. ಇದು ಹುಟ್ಟಿದ್ದು ಹೆಂಡದಿಂದ. ಮದ್ಯ ರಾಜ್ಯಪಟ್ಟಿಯ ವಿಷಯವಾದ್ದರಿಂದ ಹಿಂದೂಪುರದಲ್ಲಿ ಒಂದು ಬೆಲೆ, ಗೌರಿಬಿದನೂರಲ್ಲಿ ಇನ್ನೊಂದು. ಪಾವಗಡದ ಕಡೆಯಿಂದ ಬಾಟಲಿ ತರುವವರ ಕಥೆ ಎಲ್ಲರಿಗೂ ಗೊತ್ತು. ಗಾಂಜಾಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಗಡಿಯ ಆಚೆಗೂ ಈಚೆಗೂ ಅದೇ ಕಾಯ್ದೆ, ಅದೇ ಶಿಕ್ಷೆ. ಒಂದು ಕಿಲೋಗಿಂತ ಕಡಿಮೆಯಿದ್ದರೆ ‘ಸಣ್ಣ ಪ್ರಮಾಣ’. ಅದನ್ನು ಇಟ್ಟುಕೊಂಡರೆ ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇಪ್ಪತ್ತು ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’: ಕನಿಷ್ಠ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜಾಮೀನೂ ದುರ್ಲಭ. ಮೂಟೆ ಯಾರದೆಂದೂ ತಿಳಿಯದೆ ಕೂಲಿಗೆ ಹೊತ್ತೊಯ್ಯುವ ಹುಡುಗನ ಮೇಲೂ ಇದೇ ಬೀಳುತ್ತದೆ. ಅದರಲ್ಲಿ ಏನಿದೆ ಎಂದು ತನಗೆ ಗೊತ್ತಿರಲಿಲ್ಲ ಎಂಬುದನ್ನು ಸಾಬೀತು ಮಾಡುವ ಹೊಣೆಯೂ ಅವನದೇ. ನನ್ನ ಸಂಕಟ ಇಲ್ಲೇ ಇರುವುದು. ಹಣ ಹಾಕಿದವನು ದೂರದಲ್ಲಿರುತ್ತಾನೆ, ಸಿಕ್ಕಿಬೀಳುವವನು ನಮ್ಮೂರಿನ ಬಡ ಹುಡುಗ.

‘ಹೊಲದಲ್ಲಿ ಎರಡು ಗಿಡ ಇದ್ದರೆ ಏನಾದೀತು?’ ಎನ್ನುವುದು ಎಲ್ಲಕ್ಕಿಂತ ಅಪಾಯದ ಭ್ರಮೆ. ಕಡಲೆಕಾಯಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ ಎದೆಯೆತ್ತರ ಬೆಳೆದಾಗ ನಡುವೆ ನಾಲ್ಕು ಗಾಂಜಾ ಗಿಡ ನಿಂತರೆ ರಸ್ತೆಯಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಬದುವಿನ ಮೇಲೆ ನಡೆದು ಹೋದವರಿಗೆ ಹಲ್ಲುಹಲ್ಲಾದ ಎಲೆ, ತುದಿಯ ಅಂಟಂಟು ಹೂಗೊಂಚಲು, ಅದರ ಘಾಟು ಬೇರೆಯೇ. ಬೆಳೆದವನಿಗೆ ‘ಸಣ್ಣ ಪ್ರಮಾಣ’ದ ರಿಯಾಯಿತಿ ಇಲ್ಲ, ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ ಆಗಬಹುದು. ಹೊಲವನ್ನು ಕೋರಿಗೋ ಗುತ್ತಿಗೆಗೋ ಕೊಟ್ಟವರೂ ಎಚ್ಚರವಾಗಿರಬೇಕು: ತಮ್ಮ ಜಮೀನಿನಲ್ಲಿ ಗಾಂಜಾ ಇರುವುದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ 46ನೇ ಕಲಮಿನಡಿ ಅದು ಅಪರಾಧ. ರಾಯದುರ್ಗಕ್ಕೆ ಹೊಂದಿಕೊಂಡ ಮೊಳಕಾಲ್ಮೂರು ತಾಲೂಕಿನಲ್ಲಿ 2020ರಲ್ಲಿ ಎಕರೆಗಟ್ಟಲೆ ಗಾಂಜಾ ಸಿಕ್ಕಿದ ಸುದ್ದಿ ಈ ಭಾಗದವರು ಮರೆತಿರಲಾರರು.

ಗಿಡದ ಯಾವ ಭಾಗ ಗಾಂಜಾ ಎಂಬುದರಲ್ಲೂ ಗೊಂದಲವಿದೆ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬರಿಯ ಸೊಪ್ಪು, ಬೀಜ ಅದರಲ್ಲಿ ಸೇರುವುದಿಲ್ಲ. ಸೊಪ್ಪಿನಿಂದ ಮಾಡುವ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ಬೇರು, ಕಾಂಡ, ಸೊಪ್ಪು ಎಲ್ಲ ಸೇರಿಸಿ ತೂಗಿದ ಪ್ರಕರಣಗಳಲ್ಲಿ ವಕೀಲರು ವಾದಿಸುವುದೂ ಇದನ್ನೇ. ಆದರೆ ಭಂಗಿಯ ಮೇಲೆ ರಾಜ್ಯಗಳ ಅಬಕಾರಿ ನಿಯಮಗಳಿರುತ್ತವೆ, ಗಿಡ ಬೆಳೆಯುವುದಂತೂ ಅಪರಾಧವೇ. ಸೊಪ್ಪಿನ ಹೆಸರು ಹೇಳಿಕೊಂಡು ಗಿಡ ನೆಡಲಾಗದು.

‘ವಿಶ್ವಸಂಸ್ಥೆಯೇ ಒಪ್ಪಿದೆ’ ಎಂಬ ಮಾತು ಅರ್ಧ ಮಾತ್ರ ನಿಜ. 2020ರ ಡಿಸೆಂಬರ್‌ನಲ್ಲಿ ಅದರ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ ತೆಗೆಯಿತು. ಭಾರತವೂ ಪರವಾಗಿ ಮತ ಹಾಕಿತು. ಮೊದಲ ಪಟ್ಟಿಯಲ್ಲಿ ಅದು ಹಾಗೆಯೇ ಇದೆ, ನಮ್ಮ ಕಾಯ್ದೆ ಬದಲಾಗಿಲ್ಲ.

‘ಸಾಧುಗಳು ಸೇದುತ್ತಾರೆ, ಚಟ ಹತ್ತುವುದಿಲ್ಲ’ ಎನ್ನುವವರೂ ಇದ್ದಾರೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಭಂಗಿ-ಗಾಂಜಾ ಬಳಸುವವರು ಸುಮಾರು 3.1 ಕೋಟಿ, ಅವರಲ್ಲಿ ಸುಮಾರು 72 ಲಕ್ಷ ಜನಕ್ಕೆ ಚಿಕಿತ್ಸೆಯ ನೆರವು ಬೇಕು. ಅಭ್ಯರ್ಥಿಗಳು ಮಾತನಾಡಬೇಕಾದ್ದು ಇದರ ಬಗ್ಗೆ, ಏಕೆಂದರೆ ಆಸ್ಪತ್ರೆ ರಾಜ್ಯದ ಕೈಯಲ್ಲೇ ಇದೆ. ತಾಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ನೇಮಿಸಲು ದೆಹಲಿಗೆ ಹೋಗಬೇಕಿಲ್ಲ. ಆಂಧ್ರ ಸರ್ಕಾರ 2024ರ ಕೊನೆಯಲ್ಲಿ ಮಾದಕವಸ್ತು ತಡೆಗೆ ‘ಈಗಲ್’ ಪಡೆ ಕಟ್ಟಿ 1972 ಸಂಖ್ಯೆ ಕೊಟ್ಟಿತು. ಅದು ದೂರು ಕೊಡಲು. ಚಟ ಬಿಡಲು ಬಯಸುವವರಿಗೆ ಕೇಂದ್ರದ ಸಹಾಯವಾಣಿ 14446 ಇದೆ. ವ್ಯಸನಿಯೊಬ್ಬ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿ, ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ 64ಎ ಕಲಮು ಅವನನ್ನು ವಿಚಾರಣೆಯಿಂದ ಉಳಿಸುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಠಾಣೆಯ ಮುಂದೆ ಮಗನಿಗಾಗಿ ಕಾದು ನಿಂತ ಎಷ್ಟೋ ತಂದೆತಾಯಿಗಳಿಗೆ ಇಂಥದೊಂದು ಕಲಮು ಇದೆಯೆಂಬುದೇ ಗೊತ್ತಿಲ್ಲ.